ಬುಧವಾರಕ್ಕೆ ಮುರಿಯುವ ಟೈಮ್‌ಟೇಬಲ್

ಪತ್ರ: ನನಗೀಗ 34. ಒಬ್ಬಳೇ ಇದ್ದೇನೆ. ಮೊದಲು ಅಪ್ಪ, ಆಮೇಲೆ ಹಾಸ್ಟೆಲ್ ವಾರ್ಡನ್ ಹೇಳಿದ ಹೊತ್ತಿಗೆ ಏಳುತ್ತಿದ್ದೆ, ಮಲಗುತ್ತಿದ್ದೆ. ಈಗ ಕೇಳುವವರಿಲ್ಲ. ಪ್ರತಿ ಭಾನುವಾರ ಟೈಮ್‌ಟೇಬಲ್ ಬರೆಯುತ್ತೇನೆ, ಬುಧವಾರಕ್ಕೆ ಅದು ಮುರಿದಿರುತ್ತದೆ. ರಾತ್ರಿ ಒಂದರವರೆಗೂ ಮೊಬೈಲ್. ನನಗೆ ಸ್ವಾತಂತ್ರ್ಯ ಒಗ್ಗುವುದೇ ಇಲ್ವಾ?

ಉತ್ತರ: ಪತ್ರದ ಜೊತೆ ಟೈಮ್‌ಟೇಬಲ್ಲನ್ನೂ ಇಟ್ಟಿದ್ದೀರಲ್ಲ, ಒಳ್ಳೆಯದಾಯಿತು. ಮೊದಲು ಅದನ್ನೇ ಓದಿದೆ. ಐದಕ್ಕೆ ಏಳುವುದು. ಐದೂಕಾಲಿಗೆ ವ್ಯಾಯಾಮ. ಆರಕ್ಕೆ ಓದು. ರಾತ್ರಿ ಹತ್ತಕ್ಕೆ 'ದೀಪ ಆರಿಸುವುದು'. ಒಬ್ಬರೇ ಇರುವ ಮನೆಯಲ್ಲಿ ಹೀಗೆ ಯಾರು ಬರೆಯುತ್ತಾರೆ ಹೇಳಿ? ಕೈಬರಹ ನಿಮ್ಮದು, ದನಿ ಮಾತ್ರ ವಾರ್ಡನ್‌ದು.

ಇಡೀ ಹಾಳೆಯಲ್ಲಿ ಸುಮ್ನೆ ಕೂರಲು ಅಂತ ಅರ್ಧ ಗಂಟೆಯೂ ಇಲ್ಲ. ಹಾಗಾಗಿ ಅದನ್ನು ನಿದ್ದೆಯಿಂದ ಕದಿಯುತ್ತಿದ್ದೀರಿ. ದಿನದಲ್ಲಿ ಯಾರ ಅಪ್ಪಣೆಯೂ ಇಲ್ಲದ ಹೊತ್ತು ಅದೊಂದೇ, ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ? ಕೆಲಸದಿಂದ ಬಂದ ಕೂಡಲೇ ಒಂದು ಗಂಟೆ ಲೆಕ್ಕ ಕೇಳದ ಹೊತ್ತು ಇಟ್ಟುಕೊಳ್ಳಿ. ಫೋನ್ ನೋಡಿ, ಕಿಟಕಿ ನೋಡಿ, ನಿಮ್ಮಿಷ್ಟ. ಮಲಗುವಾಗ ಮಾತ್ರ ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿಬಿಡಿ. ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಜಗಳವಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಇನ್ನು ಬುಧವಾರದ ವಿಷಯ. ಒಂದು ದಿನ ತಪ್ಪಿದರೆ ವಾರವೇ ಹೋಯಿತು ಅಂತ ಕೈಬಿಡುತ್ತೀರಿ, ಅಲ್ವಾ? ನಾನೂ ಹೀಗೇ ಇದ್ದೆ. ಒಮ್ಮೆ ದಿನಾ ಅರ್ಧ ಗಂಟೆ ನಡೆಯಬೇಕು ಅಂತ ಹಟ ಹಿಡಿದು, ನಡೆದ ದಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ಹತ್ತೊಂಬತ್ತು ಗುರುತು ಬಿದ್ದವು. ಇಪ್ಪತ್ತನೇ ದಿನ ಜ್ವರ. ಆ ಒಂದು ಖಾಲಿ ಚೌಕ ಹತ್ತೊಂಬತ್ತನ್ನೂ ನುಂಗಿಹಾಕಿತು. ಕ್ಯಾಲೆಂಡರ್ ಗೋಡೆಯಿಂದ ಇಳಿಯಿತು, ನಡಿಗೆಯೂ ನಿಂತಿತು.

ಎಷ್ಟೋ ಕಾಲದ ಮೇಲೆ ಒಂದು ಅಧ್ಯಯನ ಓದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರದು, 2009ರಲ್ಲಿ ಪ್ರಕಟವಾದದ್ದು. 96 ಜನ ತಾವೇ ಆರಿಸಿಕೊಂಡ ಒಂದೊಂದು ಅಭ್ಯಾಸವನ್ನು 12 ವಾರ ಮಾಡಿ ನೋಡಿದರು. ಅಭ್ಯಾಸ ಮೈಗೆ ಹತ್ತಲು ಬೇಕಾಗುವ ಸಮಯ ಒಬ್ಬೊಬ್ಬರಿಗೆ ಒಂದೊಂದು ಥರ: ಆ 12 ವಾರದ ಗತಿ ನೋಡಿ ಮುಂದಕ್ಕೂ ಲೆಕ್ಕ ಹಾಕಿದರೆ 18 ದಿನದಿಂದ 254 ದಿನದವರೆಗೆ, ನಡುಮಟ್ಟದಲ್ಲಿ 66. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಪೆಟ್ಟೇನೂ ಬಿದ್ದಿರಲಿಲ್ಲ. ನನ್ನ ಕ್ಯಾಲೆಂಡರಿಗೆ ಇದು ಗೊತ್ತಿರಲಿಲ್ಲ!

ಹಾಗಂತ ಎಲ್ಲ ಬಿಟ್ಟು ಇಷ್ಟ ಬಂದ ಹಾಗೆ ಇರಿ ಅಂತ ನಾನು ಹೇಳುವುದಿಲ್ಲ. ಅಚ್ಚಿಗೆ ಕಳಿಸುವ ಗಡುವು ಇಲ್ಲದಿದ್ದರೆ ಈ ಉತ್ತರವೂ ನಿಮಗೆ ಸಿಗುತ್ತಿರಲಿಲ್ಲ.

ಈ ಭಾನುವಾರ ಹೊಸದು ಬರೆಯಬೇಡಿ. ಹಳೆಯದನ್ನೇ ತೆಗೆದು, ಒಂದೊಂದು ಸಾಲಿಗೂ ಕೇಳಿ: ಇದನ್ನು ಬಿಟ್ಟರೆ ಯಾರಿಗೆ ತೊಂದರೆ? 'ಅಪ್ಪ ಬೈತಾರೆ' ಅಂತ ಉತ್ತರ ಬಂದರೆ ಹೊಡೆದುಹಾಕಿ. ಐದಕ್ಕೆ ಏಳುವುದು ಅಲ್ಲೇ ಹೋಗುತ್ತದೆ ಅಂತ ನನ್ನ ಊಹೆ. 'ನನಗೇ' ಅಂತ ಬಂದದ್ದನ್ನು ಬಿಡಬೇಡಿ. ವ್ಯಾಯಾಮ ಬೆನ್ನುನೋವಿಗೆ ಅಂತ ಬರೆದಿದ್ದೀರಿ, ಅದು ಇರಲಿ. ಆದರೆ ಐದೂಕಾಲಿಗೇ ಆಗಬೇಕೆಂದೇನಿಲ್ಲ, ಹಲ್ಲುಜ್ಜಿದ ಕೂಡಲೇ ಅಂತ ಇಟ್ಟುಕೊಳ್ಳಿ. ಗಡಿಯಾರದ ಹಿಂದೆ ಓಡುವುದಕ್ಕಿಂತ ಒಂದು ಕೆಲಸದ ಬಾಲಕ್ಕೆ ಇನ್ನೊಂದನ್ನು ಕಟ್ಟುವುದು ಸುಲಭ.

ಅಂದ ಹಾಗೆ, ನಾನು ಮತ್ತೆ ನಡೆಯಲು ಶುರುಮಾಡಿದ್ದೇನೆ, ಕ್ಯಾಲೆಂಡರ್ ಇಲ್ಲದೆ. ನಿನ್ನೆ ಹೋಗಲಿಲ್ಲ.

– ಸಂ.