ಪುಟ್ಟ ಹುಡುಗಿಯ ಪ್ರಶ್ನೆಗೆ ಬಾಯೇ ಬರಲಿಲ್ಲ

ಪ್ರಶ್ನೆ: ಒಂಬತ್ತು ವರ್ಷದಿಂದ ರಜೆಯ ದಿನಗಳಲ್ಲಿ ಮಕ್ಕಳಿಗೆ ನಮ್ಮ ಧರ್ಮದ ಪಾಠ ಹೇಳಿಕೊಡುತ್ತಿದ್ದೇನೆ. ಓದಿದ್ದು ಬಿ.ಕಾಂ. ಕಳೆದ ತಿಂಗಳು ಎಂಟು ವರ್ಷದ ಹುಡುಗಿಯೊಬ್ಬಳು, ‘ಅಜ್ಜಿಗೆ ವಾಸಿಯಾಗಲಿ ಅಂತ ದಿನಾ ಬೇಡಿಕೊಂಡೆ, ದೇವರು ಯಾಕೆ ಕೇಳಿಸಿಕೊಳ್ಳಲಿಲ್ಲ?’ ಅಂದಳು. ನನಗೆ ಬಾಯೇ ಬರಲಿಲ್ಲ. ಧಾರ್ಮಿಕ ಶಿಕ್ಷಣದಲ್ಲಿ ಎಂ.ಎ. ಮಾಡೋಣ ಅಂತಿದ್ದೇನೆ. ಸೀಟು ಸಿಗುತ್ತಾ? ಕೆಲಸ? ಜಾಸ್ತಿ ಓದಿದರೆ ಇರುವ ನಂಬಿಕೆಯೂ ಹೋಗುತ್ತದೆ ಅಂತ ಹಿರಿಯರೊಬ್ಬರು ಹೆದರಿಸಿದ್ದಾರೆ.

ಉತ್ತರ: ಖಂಡಿತ ಓದಿ. ಆದರೆ ಅರ್ಜಿ ಹಾಕುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಓದುಗಳಿವೆ. ಒಂದು, ತಮ್ಮ ಧರ್ಮದವರಿಗೇ ಪಾಠ ಹೇಳುವವರನ್ನು ತಯಾರು ಮಾಡುವುದು. ಇನ್ನೊಂದು, ಎಲ್ಲ ಧರ್ಮಗಳ ಬಗ್ಗೆ ಶಾಲೆಯಲ್ಲಿ ಒಂದು ವಿಷಯವಾಗಿ ಕಲಿಸುವುದು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಈ ವಿಷಯ ಇರಲೇಬೇಕು, ಬೇಡವಾದರೆ ಪೋಷಕರು ಮಗುವನ್ನು ಆ ತರಗತಿಯಿಂದ ಬಿಡಿಸಿಕೊಳ್ಳಬಹುದು. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ, ಸರ್ಕಾರಿ ಶಾಲೆಗಳು ಭಕ್ತಿಯ ಆಚರಣೆ ನಡೆಸುವಂತಿಲ್ಲ, ಧರ್ಮಗಳ ಬಗ್ಗೆ ಕಲಿಸಬಹುದು ಎಂದಿತು. ಹೀಗೆ ಒಂದೊಂದು ದೇಶದ್ದು ಒಂದೊಂದು ಲೆಕ್ಕ. ನೀವು ಕಲಿಸಬೇಕೆಂದಿರುವ ಕಡೆ ಆ ಪದವಿಗೆ ಮಾನ್ಯತೆ ಇದೆಯಾ ಅಂತ ಮೊದಲೇ ವಿಚಾರಿಸಿ.

ಬಿ.ಕಾಂ. ಅಂತ ಹಿಂಜರಿಯಬೇಡಿ. ಎಷ್ಟೋ ಕಡೆ ಯಾವ ಪದವಿ ಇದ್ದರೂ ತೆಗೆದುಕೊಳ್ಳುತ್ತಾರೆ. ಕೆಲವು ಕಡೆ ಮಾತ್ರ ಧರ್ಮಶಾಸ್ತ್ರದಲ್ಲೇ ಮೊದಲ ಪದವಿ ಕೇಳುತ್ತಾರೆ.

ಇನ್ನು ನಂಬಿಕೆಯ ಮಾತು. ನಿಮ್ಮ ಆ ಹುಡುಗಿಯನ್ನೇ ತೆಗೆದುಕೊಳ್ಳಿ. ನಂಬಿಕೆ ವಯಸ್ಸಿನೊಂದಿಗೆ ಹೇಗೆ ಬೆಳೆಯುತ್ತದೆ ಅಂತ ಅಮೆರಿಕದ ವಿದ್ವಾಂಸ ಜೇಮ್ಸ್ ಫೌಲರ್ 1981ರಲ್ಲಿ ಹಂತ ಹಂತವಾಗಿ ಬರೆದರು. ಅವರ ಪ್ರಕಾರ ಪ್ರೈಮರಿ ಶಾಲೆಯ ವಯಸ್ಸಿನಲ್ಲಿ ಮಕ್ಕಳು ಕಥೆಗಳನ್ನು ಇದ್ದಂತೆಯೇ ನಂಬುತ್ತಾರೆ, ಒಳ್ಳೆಯದು ಮಾಡಿದರೆ ಒಳ್ಳೆಯದು ಸಿಗಲೇಬೇಕು ಅಂದುಕೊಳ್ಳುತ್ತಾರೆ. ಹಾಗಾದರೆ ಅವಳು ದೇವರನ್ನು ಅಲ್ಲಗಳೆಯುತ್ತಿಲ್ಲ, ‘ನಾನು ನನ್ನ ಪಾಲಿನದು ಮಾಡಿದೆನಲ್ಲ’ ಅಂತ ನೊಂದು ಕೇಳುತ್ತಿದ್ದಾಳೆ, ಅಲ್ವಾ? ಇಷ್ಟು ಗೊತ್ತಾದರೆ ಸಾಕು, ಅವಳೆದುರು ನೀವು ಕೂರುವ ರೀತಿಯೇ ಬದಲಾಗುತ್ತದೆ. ಫೌಲರ್ ಮಾತನ್ನು ಒಪ್ಪದವರೂ ಇದ್ದಾರೆ, ತರಗತಿಯಲ್ಲಿ ಆ ವಾದವೂ ನಡೆಯುತ್ತದೆ. ಗ್ರಂಥಗಳು ಯಾವಾಗ, ಹೇಗೆ ರೂಪುಗೊಂಡವು ಅಂತ ಓದುವಾಗ ನಾನೂ ಕೆಲವು ವಾರ ನಿದ್ದೆಗೆಟ್ಟಿದ್ದೆ. ನನ್ನ ನಂಬಿಕೆ ಉಳಿಯಿತು, ಆದರೆ ಮೊದಲಿನಂತೆ ಉಳಿಯಲಿಲ್ಲ.

ಕೆಲಸದ ಬಗ್ಗೆ ನಿಮ್ಮ ಚಿಂತೆ ಸುಮ್ನೆ ಅಲ್ಲ. ಶಾಲೆಯಲ್ಲಿ ಕಲಿಸಲು ಬಹಳ ಕಡೆ ಶಿಕ್ಷಕರ ತರಬೇತಿಯೂ ಬೇಕು. ದೊಡ್ಡ ಸಾಲ ಮಾತ್ರ ಮಾಡಬೇಡಿ, ಕೆಲಸ ಬಿಡದೆ ಓದುವ ಕೋರ್ಸ್ ಹುಡುಕಿ.

ಅದರಲ್ಲೂ ನೀವು ಪಾಠ ಮಾಡುವುದನ್ನು ಯಾರಾದರೂ ಕೂತು ನೋಡುವಂಥ ಕೋರ್ಸ್ ಆರಿಸಿ. ನನ್ನ ಪಾಠ ನೋಡಲು ಬಂದ ಮೇಡಂ ಹಿಂದಿನ ಬೆಂಚಿನಲ್ಲಿ ಗಡಿಯಾರ ನೋಡುತ್ತ ಕೂತಿದ್ದರು. ಕೊನೆಗೆ ಕೇಳಿದ್ದು ಒಂದೇ: ‘ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದಿರಿ?’ ಎರಡು ಸೆಕೆಂಡೂ ಕಾದಿರಲಿಲ್ಲ, ನಾನೇ ಉತ್ತರ ಹೇಳಿಬಿಡುತ್ತಿದ್ದೆ.

ಆ ಹುಡುಗಿಗೆ ಏನಾದರೂ ಹೇಳಲು ನಿಮ್ಮ ಪದವಿ ಮುಗಿಯುವವರೆಗೆ ಕಾಯಬೇಡಿ. ಮುಂದಿನ ಸಲ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಅಜ್ಜಿ ಹೇಗಿದ್ದರು ಅಂತ ಕೇಳಿ.