ಜಾಸ್ತಿ ಪಾಯಿಂಟ್ ಗಳಿಸುವವಳೇ ಕ್ಯಾಪ್ಟನ್ ಆಗಬೇಕಾ?

ಮಗಳಿಗಿಂತ ಚೆನ್ನಾಗಿ ಬಾಸ್ಕೆಟ್ ಹಾಕುವವರು ಕಾಲೇಜು ತಂಡದಲ್ಲಿದ್ದರೂ ಕೋಚ್ ಅವಳನ್ನೇ ಕ್ಯಾಪ್ಟನ್ ಮಾಡಿದ್ದಾರೆ, ಸರಿಯಾ ಎಂದು ಕೇಳಿದ್ದೀರಿ. ತಪ್ಪೇನೂ ಇಲ್ಲ.

ಅಮೆರಿಕದ ಕಾಲೇಜು ಮಹಿಳೆಯರ ಬಾಸ್ಕೆಟ್‌ಬಾಲ್‌ನ 2025ರ ಫೈನಲ್ ನೋಡಿ. ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ) 82-59ರಿಂದ ಸೌತ್ ಕ್ಯಾರೊಲಿನಾವನ್ನು ಸೋಲಿಸಿತು. ತಂಡದ ದೊಡ್ಡ ಹೆಸರು ಪೇಜ್ ಬೆಕರ್ಸ್ ಗಳಿಸಿದ್ದು 17. ಅದೇ ತಂಡದ ಆಜಿ ಫಡ್, ಸಾರಾ ಸ್ಟ್ರಾಂಗ್ ತಲಾ 24! ದೊಡ್ಡ ಹೆಸರಿನವಳೇ ಜಾಸ್ತಿ ಪಾಯಿಂಟ್ ಗಳಿಸಬೇಕೆಂದೇನೂ ಇಲ್ಲ.

ನಮ್ಮ ಕಾಲೇಜಿನ ಕ್ಯಾಪ್ಟನ್ನಿನ ಶಾಟ್ ಅಷ್ಟಕ್ಕಷ್ಟೇ. (ಬಾಸ್ಕೆಟ್ ಹತ್ತಿರದಿಂದ ಹಾಕುವ ಸುಲಭದ ಲೇ-ಅಪ್ ಕೂಡ ತಪ್ಪಿಸುತ್ತಿದ್ದಳು, ಪಾಪ.) ಆದರೆ ಯಾರಾದರೂ ಫ್ರೀ ಥ್ರೋ ತಪ್ಪಿಸಿದರೆ ಮೊದಲು ಹತ್ತಿರ ಹೋಗುತ್ತಿದ್ದವಳು ಅವಳೇ. ಬೈಗುಳ ಇಲ್ಲ, ಸಮಾಧಾನವೂ ಇಲ್ಲ. ಸುಮ್ನೆ ಅಂಗೈಗೆ ಅಂಗೈ ತಟ್ಟಿ, "ನಡಿ, ಡಿಫೆನ್ಸ್" ಎನ್ನುತ್ತಿದ್ದಳು.

ಒಂದು ಮ್ಯಾಚಿಗೆ ಹೋಗಿ ಬನ್ನಿ. ಸ್ಕೋರ್ ಬೋರ್ಡ್ ಬಿಡಿ. ಆಟ ಕೈ ತಪ್ಪುವಾಗ ಉಳಿದ ಹುಡುಗಿಯರು ಯಾರ ಮುಖ ನೋಡುತ್ತಾರೆ, ಅದನ್ನು ಗಮನಿಸಿ.