ಗೊಂಬೆ ಕೆಲಸ ಯಾಕೆ ಬಿಡೋದಿಲ್ಲ?

ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳು ಲಾಭ ಕಡಿಮೆ ಇದ್ದರೂ ಯಾಕೆ ಕೆಲಸ ಬಿಡೋದಿಲ್ಲ ಅಂತ ಕೇಳಿದ್ದೀರಿ. ನಾನು ಅಲ್ಲಿಗೆ ಆಗಾಗ ಹೋಗುತ್ತೇನೆ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಒಮ್ಮೆ ಲೇತ್ ಮುಂದೆ, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರದ ಮುಂದೆ, ನಿಂತು ನೋಡಿ. ಹಾಲೆ ಮರದ ತುಂಡು ತಿರುಗುತ್ತಿರುತ್ತದೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಕೇದಗೆ ಎಲೆಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು! ನಿಮಿಷಗಳಲ್ಲಿ ಕೈಯಲ್ಲಿ ಒಂದು ಬುಗುರಿ. ಮಾಡಿದ್ದು ಕಣ್ಣೆದುರೇ ಹುಟ್ಟುವ ಈ ಖುಷಿಯೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಸಂಬಳದ ಕೆಲಸದಲ್ಲಿ ಇದು ಸಿಗುವುದು ಅಪರೂಪ, ಅಲ್ವಾ?

ಕಷ್ಟ ಇಲ್ಲ ಅಂತಲ್ಲ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಬಂದವು. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಈಗ ಜಾಸ್ತಿ ಕಾರುಗಳು ಊರಿನ ಹೊರಗಿಂದಲೇ ಹೋಗುತ್ತವೆ. ಹಳೇ ರಸ್ತೆಯ ಅಂಗಡಿಗಳಿಗೆ ಅದು ನಿಜವಾದ ಪೆಟ್ಟು. ಆದರೂ ಆನ್‌ಲೈನ್ ಮಾರಾಟ, ಶಾಲೆಗಳಿಗೆ ಎಣಿಕೆ ಮಣಿ, ಮನೆ ಅಲಂಕಾರದ ಸಾಮಾನು ಅಂತ ಹೊಸ ದಾರಿ ಹುಡುಕಿಕೊಂಡವರಿದ್ದಾರೆ. ಈ ಊರಿನ ವಿಶಿಷ್ಟ ವಸ್ತು ಅಂತ ಗುರುತಿಸುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇರುವುದರಿಂದ ಹೆಸರಿಗೂ ಬೆಲೆ ಇದೆ.

ನೀವೂ ಕೆಲಸ ಬಿಟ್ಟು ಇದಕ್ಕೆ ಇಳಿಯಬೇಕು ಅಂತ ಬರೆದಿದ್ದೀರಿ. ಸುಮ್ನೆ ಪ್ರೀತಿ ಇದ್ದರೆ ಸಾಲದು. ಮೊದಲು ಆರು ತಿಂಗಳು ರಜಾದಿನಗಳಲ್ಲಿ ಒಬ್ಬ ಕುಶಲಕರ್ಮಿಯ ಬಳಿ ಕೂತು ಕಲಿಯಿರಿ. ಮಾರಾಟ ಆಮೇಲೆ ನೋಡೋಣ. ಬರುವ ಭಾನುವಾರ ಹೋಗುವುದಾದರೆ ಹೇಳಿ, ನಾನೂ ಬರುತ್ತೇನೆ.